ಅರ್ಧ ಶತಮಾನದ ಅಜ್ಞಾತವಾಸ: ಗೇನ್ಸ್‌ಬರೊ ಬರೆದ ಶ್ರೀಮತಿ ಗ್ರಹಾಂ

ಹದಿನೆಂಟನೆಯ ಶತಮಾನದ ಬ್ರಿಟನ್ನಿನಲ್ಲಿ ಕುಲೀನರ ಮನೆಯೆಂದಮೇಲೆ, ಆ ಮನೆತನದ ನಾಲ್ಕಾರು ತಲೆಮಾರಿನ ಮುಖಗಳು ಚಿನ್ನದ ಮುಲಾಮಿನ ಕಟ್ಟುಗಳೊಳಗಿನಿಂದ ಊಟದ ಮೇಜಿನತ್ತ ನೋಡುತ್ತಿರಲೇಬೇಕೆಂಬ ಅಲಿಖಿತ ನಿಯಮವೊಂದಿತ್ತು. ಹಿರಿಯ ಮಗನು ಪ್ರಾಪ್ತವಯಸ್ಕನಾದನೆಂದರೆ ಒಂದು ಚಿತ್ರ, ಅವನಿಗೆ ಮದುವೆಯಾಯಿತೆಂದರೆ ಇನ್ನೊಂದು, ಸೊಸೆಯು ಮಗುವನ್ನೆತ್ತಿಕೊಂಡಳೆಂದರೆ ಮತ್ತೊಂದು. ಹೀಗೆ ಚಿತ್ರಕಾರನ ಹೊಟ್ಟೆಪಾಡೂ ಧಣಿಗಳ ವಂಶಾಭಿಮಾನವೂ ಒಂದಕ್ಕೊಂದು ಆಸರೆಯಾಗಿ ನಡೆದುಕೊಂಡು ಬಂದವು. ಆ ಕಾಲದ ತೈಲಚಿತ್ರಗಳ ಪೈಕಿ ಬಹುಪಾಲು ಈಗ ನಮ್ಮನ್ನು ಹಿಡಿದು ನಿಲ್ಲಿಸುವುದು ಉಡುಪಿನ ಬೆಡಗಿನಿಂದಲೋ ಕುಂಚದ ಚಾತುರ್ಯದಿಂದಲೋ ಹೊರತು, ಅದರೊಳಗೆ ನಿಂತಿರುವ ವ್ಯಕ್ತಿ ಯಾರು, ಆಕೆ ಏನಾದಳು ಎಂಬ ಕುತೂಹಲದಿಂದಲ್ಲ. ತಾಮಸ್ ಗೇನ್ಸ್‌ಬರೊ ಬರೆದು, 1777ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಪ್ರದರ್ಶನಕ್ಕಿರಿಸಿದ ಗೌರವಾನ್ವಿತ ಶ್ರೀಮತಿ ಗ್ರಹಾಂ ಅವರ ಚಿತ್ರದ ಪಾಡು ಇದಕ್ಕೆ ಬೇರೆಯಾದುದು. ಚಿತ್ರ ಬರೆಯಿಸುವುದು ನಾಲ್ಕು ಜನ ನೋಡಲೆಂದು; ಈ ಚಿತ್ರದ ಒಡೆಯನಾದ ಗಂಡನಾದರೋ, ಅದು ಮುಗಿದ ಹದಿನೈದು ವರ್ಷಕ್ಕೆ ಅದನ್ನು ಯಾರ ಕಣ್ಣಿಗೂ, ಅದಕ್ಕಿಂತ ಮುಖ್ಯವಾಗಿ ತನ್ನ ಕಣ್ಣಿಗೆ, ಬೀಳದಂತೆ ತೆಗೆದಿರಿಸಿ, ಅಲ್ಲಿಂದ ಮುಂದೆ ಇನ್ನೂ ಐವತ್ತೊಂದು ವರ್ಷ ಬಾಳಿ, ಅದರ ಮುಖವನ್ನು ಮತ್ತೆ ನೋಡದೆಯೇ ತೀರಿಕೊಂಡನು.

ಆಕೆಯ ತವರಿನ ಹೆಸರು ಮೇರಿ ಕ್ಯಾಥ್‌ಕಾರ್ಟ್. 1757ನೆಯ ಮಾರ್ಚ್ 1ರಂದು ಹುಟ್ಟಿದವಳು. ತಂದೆ, ಸ್ಕಾಟ್ಲೆಂಡಿನ ಒಂಬತ್ತನೆಯ ಲಾರ್ಡ್ ಕ್ಯಾಥ್‌ಕಾರ್ಟ್, 1745ರ ಫಾಂಟನ್ವಾ ಯುದ್ಧದಲ್ಲಿ ಮುಖಕ್ಕೆ ತಾಗಿದ ಗುಂಡಿನ ಗಾಯವನ್ನು ಕಪ್ಪು ರೇಷ್ಮೆಯ ತುಣುಕಿನಿಂದ ಮುಚ್ಚಿಕೊಂಡು ತಿರುಗುತ್ತಿದ್ದವನು. ಸರ್ ಜೋಷುವಾ ರೆನಾಲ್ಡ್ಸ್ ಆತನ ಚಿತ್ರವನ್ನು ಬರೆದಾಗ ಆ ತುಣುಕನ್ನೂ ಬಿಡದೆ ಬರೆದಿದ್ದಾನೆ, ಅದು ಕೊರತೆಯಲ್ಲ, ಪದಕವೆಂಬಂತೆ. 1768ರಿಂದ 1772ರವರೆಗೆ ಈತ ರಷ್ಯದ ಮಹಾರಾಣಿ ಎರಡನೆಯ ಕ್ಯಾಥರೀನಳ ಆಸ್ಥಾನದಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದುದರಿಂದ, ಮೇರಿ ತನ್ನ ಹನ್ನೊಂದರಿಂದ ಹದಿನೈದರವರೆಗಿನ ವಯಸ್ಸನ್ನು ಸೇಂಟ್ ಪೀಟರ್ಸ್‌ಬರ್ಗಿನ ಹಿಮದಲ್ಲಿಯೂ ಅರಮನೆಯ ಉಪಚಾರಗಳಲ್ಲಿಯೂ ಕಳೆದಳು. ತಾಯಿ ಜೇನ್, ನೇಪಲ್ಸಿನಲ್ಲಿ ರಾಯಭಾರಿಯಾಗಿದ್ದು ಪ್ರಾಚೀನ ಕಲಶಗಳ ಸಂಗ್ರಹದಿಂದ ಹೆಸರಾದ ಸರ್ ವಿಲಿಯಂ ಹ್ಯಾಮಿಲ್ಟನ್ನನ ಸಹೋದರಿ. ಸ್ಟಾಫರ್ಡ್‌ಷೈರಿನ ಕುಂಬಾರ ಜೋಸೈಯಾ ವೆಜ್‌ವುಡ್ಡನ ಪಾತ್ರೆಗಳಿಗೆ ರಷ್ಯದ ಅರಮನೆಯ ಬಾಗಿಲು ತೆರೆಯುವುದರಲ್ಲಿ ಈಕೆಯ ಕೈವಾಡ ದೊಡ್ಡದು. ಆಕೆ 1771ರಲ್ಲಿ ಅಲ್ಲಿಯೇ ತೀರಿಕೊಂಡಳು. ತಾಯಿಯಿಲ್ಲದ ಮಕ್ಕಳನ್ನು ಕರೆದುಕೊಂಡು ತಂದೆ ಮರುವರ್ಷ ಸ್ವದೇಶಕ್ಕೆ ಹಿಂದಿರುಗಿದನು.

ಈ ಒಡಹುಟ್ಟಿದವರಲ್ಲಿ ಒಬ್ಬನ ಕಥೆ ನಮ್ಮ ನಾಡಿನ ಚರಿತ್ರೆಯ ಅಂಚನ್ನೂ ಮುಟ್ಟಿಕೊಂಡು ಹೋಗುತ್ತದೆ. ಮೇರಿಯ ತಮ್ಮ ಚಾರ್ಲ್ಸ್ ಕ್ಯಾಥ್‌ಕಾರ್ಟ್ ಸೈನ್ಯಾಧಿಕಾರಿಯಾಗಿ ದಕ್ಷಿಣ ಭಾರತಕ್ಕೆ ಬಂದು, ಹೈದರಾಲಿಯ ಮರಣಾನಂತರ ಟಿಪ್ಪು ಸುಲ್ತಾನನು ಮುಂದುವರಿಸಿದ ಮೈಸೂರಿನ ಎರಡನೆಯ ಯುದ್ಧದಲ್ಲಿ, 1783ರ ಕಡಲೂರಿನ ಮುತ್ತಿಗೆಯಲ್ಲಿ, ಮೈಸೂರಿನ ಮಿತ್ರರಾಗಿದ್ದ ಫ್ರೆಂಚರ ವಿರುದ್ಧ ಹೋರಾಡಿದನು. ಚೀನಕ್ಕೆ ಬ್ರಿಟನ್ನಿನ ಮೊದಲ ರಾಯಭಾರಿಯಾಗಿ ನಿಯುಕ್ತನಾಗಿ ಹೊರಟು, 1788ರಲ್ಲಿ ಸುಂಡಾ ಜಲಸಂಧಿಯ ಬಳಿ, ಚೀನವನ್ನು ಕಾಣುವ ಮೊದಲೇ, ಕ್ಷಯದಿಂದ ಹಡಗಿನಲ್ಲಿಯೇ ಸತ್ತನು. ಕ್ಷಯವೂ ಹಡಗೂ ಆ ಮನೆಯವರನ್ನು ಮತ್ತೊಮ್ಮೆ ಹುಡುಕಿಕೊಂಡು ಬರುವುದನ್ನು ಮುಂದೆ ನೋಡುವೆವು.

1774ನೆಯ ಡಿಸೆಂಬರ್ 26ರಂದು ಕ್ಯಾಥ್‌ಕಾರ್ಟರ ಮನೆಯಲ್ಲಿ ಒಂದೇ ದಿನ ಎರಡು ಮದುವೆಗಳು ನಡೆದವು. ಹಿರಿಯವಳಾದ ಜೇನ್ ಅಥೋಲಿನ ಡ್ಯೂಕನ ಕೈ ಹಿಡಿದಳು. ಹದಿನೇಳರ ಮೇರಿ, ಪರ್ತ್‌ಷೈರಿನ ಬಾಲ್ಗೋವನ್ ಎಂಬಲ್ಲಿಯ ಜಮೀನುದಾರನಾದ ಇಪ್ಪತ್ತಾರು ವರ್ಷದ ತಾಮಸ್ ಗ್ರಹಾಮನ ಕೈ ಹಿಡಿದಳು. ಒಬ್ಬ ಅಳಿಯ ಡ್ಯೂಕ್, ಇನ್ನೊಬ್ಬನಿಗೆ ಯಾವ ಬಿರುದೂ ಇಲ್ಲ. ಆದರೂ ತಂದೆಯು ಬರೆದ ಕಾಗದದಲ್ಲಿ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಎರಡನೆಯವನು ತನ್ನ ಮಗಳ ಹೃದಯವೇ ಆರಿಸಿಕೊಂಡವನೆಂದೂ ಗುಣದಲ್ಲಿ ಯಾವ ರಾಜಕುಮಾರರಿಗೂ ಕಡಿಮೆಯಲ್ಲವೆಂದೂ ಹೆಮ್ಮೆಪಟ್ಟುಕೊಂಡಿದ್ದಾನೆ. ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ವಿವಾಹವೆಂಬುದು ಬಹಳಮಟ್ಟಿಗೆ ಭೂಮಿಕಾಣಿಯ ವ್ಯವಹಾರವಾಗಿದ್ದ ಕಾಲದಲ್ಲಿ, ಮಾವನಾದವನು ಹೀಗೆ ಬರೆದುದು ಅಪರೂಪವೆಂದೇ ನನ್ನ ಭಾವನೆ.

ಮದುವೆಯ ಮುಂದಿನ ಒಂದೆರಡು ವರ್ಷಗಳಲ್ಲಿ ಮೇರಿ ಗೇನ್ಸ್‌ಬರೊವಿನ ಮುಂದೆ ನಿಂತಳು. ಸಫಕ್ ಪ್ರಾಂತದ ಸಡ್ಬರಿಯ ಬಟ್ಟೆ ವ್ಯಾಪಾರಿಯೊಬ್ಬನ ಮಗನಾದ ಈತ, 1759ರಿಂದ ಬಾತ್ ನಗರದಲ್ಲಿ ಶ್ರೀಮಂತರ ಮುಖಗಳನ್ನು ಬರೆದು ಹೆಸರನ್ನೂ ಹಣವನ್ನೂ ಗಳಿಸಿ, 1774ರಲ್ಲಿ ಲಂಡನ್ನಿಗೆ ಬಂದು ಪಾಲ್ ಮಾಲ್ ಬೀದಿಯ ಷಾಂಬರ್ಗ್ ಹೌಸಿನಲ್ಲಿ ನೆಲಸಿದ್ದನು. ಮುಖ ಬರೆಯುವುದು ಆತನಿಗೆ ಜೀವನೋಪಾಯ. ಮನಸ್ಸು ಹರಿಯುತ್ತಿದ್ದುದು ಮರ, ಹೊಂಡ, ದನ, ಗಾಡಿ, ಸಂಜೆಯ ಬೆಳಕು ಇವುಗಳ ಕಡೆಗೆ. ಸಂಗೀತಗಾರ ಮಿತ್ರನೊಬ್ಬನಿಗೆ ಬರೆದ ಕಾಗದದಲ್ಲಿ, ಈ ಮುಖಗಳಿಂದ ತನಗೆ ಸಾಕಾಗಿಹೋಗಿದೆಯೆಂದೂ, ತನ್ನ ಗಾಂಬಾ ವಾದ್ಯವನ್ನು ಹೆಗಲಿಗೇರಿಸಿಕೊಂಡು ಯಾವುದಾದರೂ ಹಳ್ಳಿಗೆ ಹೋಗಿ ನೆಮ್ಮದಿಯಾಗಿ ಭೂದೃಶ್ಯಗಳನ್ನು ಬರೆದುಕೊಂಡಿರಬೇಕೆಂದೂ ಹಂಬಲಿಸಿದ್ದಾನೆ. ಹಳ್ಳಿಗೆ ಹೋಗಲಾರದ ದಿನಗಳಲ್ಲಿ ಮೇಜಿನ ಮೇಲೆಯೇ ಹಳ್ಳಿಯನ್ನು ಹೂಡುತ್ತಿದ್ದನು: ಒಡೆದ ಕಲ್ಲಿನ ಚೂರುಗಳೇ ಬಂಡೆಗಳು, ಒಣಗಿದ ಗಿಡಗಂಟಿಗಳೇ ಮರಗಳು, ಕನ್ನಡಿಯ ತುಂಡುಗಳೇ ಕೆರೆಯ ನೀರು.

ಆತನು ಕೆಲಸ ಮಾಡುತ್ತಿದ್ದ ಬಗೆಯೂ ವಿಲಕ್ಷಣವಾದುದು. ಕೋಣೆಯ ಬೆಳಕನ್ನು ಬಹಳ ತಗ್ಗಿಸಿ, ವಿವರಗಳೆಲ್ಲ ಕರಗಿ ನೆರಳು ಬೆಳಕುಗಳ ದೊಡ್ಡ ರಾಶಿಗಳು ಮಾತ್ರ ಉಳಿಯುವಂತೆ ಮಾಡಿಕೊಂಡು ಚಿತ್ರವನ್ನಾರಂಭಿಸುವನು. ಬಟ್ಟೆಯನ್ನು ಚೌಕಟ್ಟಿಗೆ ಮೊಳೆ ಹೊಡೆದು ಬಿಗಿಯದೆ ಸಣ್ಣ ಹುರಿಗಳಿಂದ ಸಡಿಲವಾಗಿ ಕಟ್ಟಿರುತ್ತಿದ್ದುದರಿಂದ, ಮುಖವನ್ನು ಬರೆಯುವಾಗ ಆ ಭಾಗವನ್ನು ಕುಳಿತವರ ಮುಖದ ಸಮೀಪಕ್ಕೇ ಸರಿಸಿಕೊಳ್ಳಲು ಆಗುತ್ತಿತ್ತು. ಉಡುಪಿಗೂ ಹಿನ್ನೆಲೆಗೂ ಬಂದಾಗ ಆರಡಿ ಉದ್ದದ ಕೋಲುಗಳಿಗೆ ಕಟ್ಟಿದ ಕುಂಚಗಳನ್ನು ಹಿಡಿದು, ಎದುರಿಗಿದ್ದ ವ್ಯಕ್ತಿಯಿಂದ ಎಷ್ಟು ದೂರವೋ ಚಿತ್ರದಿಂದಲೂ ಅಷ್ಟೇ ದೂರ ನಿಂತು ಎಳೆಯುವನು. ಬಣ್ಣವನ್ನು ಎಷ್ಟು ತೆಳುವಾಗಿ ಕಲಸುತ್ತಿದ್ದನೆಂದರೆ ಹಲಗೆಯನ್ನು ಸ್ವಲ್ಪ ಓರೆ ಹಿಡಿದರೆ ಹರಿದುಹೋಗುವಂತಿತ್ತೆಂದು ಆತನ ಮಗಳು ಮುಂದೆ ನೆನಪಿಸಿಕೊಂಡಳು. ಹತ್ತಿರ ನಿಂತವರಿಗೆ ಅಡ್ಡಾದಿಡ್ಡಿ ಗೀರುಗಳಾಗಿ ತೋರುವ ಆ ಕೆಲಸ ನಾಲ್ಕು ಹೆಜ್ಜೆ ಹಿಂದೆ ಸರಿದೊಡನೆ ಹೇಗೋ ಒಂದುಗೂಡಿ ರೂಪು ತಾಳುವ ಮಾಯೆಯನ್ನು, ಜೀವಮಾನವೆಲ್ಲ ಆತನ ಪ್ರತಿಸ್ಪರ್ಧಿಯಾಗಿದ್ದ ರೆನಾಲ್ಡ್ಸನೇ, 1788ರಲ್ಲಿ ಆತನು ತೀರಿಕೊಂಡ ಮೇಲೆ ಅಕಾಡೆಮಿಯ ವಿದ್ಯಾರ್ಥಿಗಳಿಗೆ ಮಾಡಿದ ಉಪನ್ಯಾಸದಲ್ಲಿ ಬಾಯಿತುಂಬ ಹೊಗಳಿದನು.

ಈಗ ಚಿತ್ರಕ್ಕೆ ಬರೋಣ. ಸುಮಾರು 237 ಸೆಂಟಿಮೀಟರ್ ಎತ್ತರ, 154 ಸೆಂಟಿಮೀಟರ್ ಅಗಲ. ಎಂದರೆ ಒಳಗೆ ನಿಂತಿರುವವಳು ಪೂರ್ಣ ಪ್ರಮಾಣದ ಹೆಂಗಸು. ಬೃಹದಾಕಾರದ ಕಂಬಗಳ ಪೀಠದ ಪಕ್ಕದಲ್ಲಿ, ಕತ್ತಲೆ ಕವಿಯುತ್ತಿರುವ ವನದಂಚಿನಲ್ಲಿ ನಿಂತಿದ್ದಾಳೆ. ಬೆಳ್ಳಿಯೋ ದಂತವೋ ಎಂದು ನಿಶ್ಚಯಿಸಲಾಗದ ಬಣ್ಣದ ಸ್ಯಾಟಿನ್ ಮೇಲುಡುಪು ಮುಂಭಾಗದಲ್ಲಿ ಇಬ್ಭಾಗವಾಗಿ ತೆರೆದುಕೊಂಡು, ಒಳಗಿನ ಕೆಂಪು ಲಂಗವನ್ನು ತೋರಿಸುತ್ತದೆ. ಆ ಕೆಂಪಿನಲ್ಲಿ ಗುಲಾಬಿಯ ಛಾಯೆಯಿದೆ. ಮೇಲೆತ್ತಿ ಬಾಚಿದ ತಲೆಗೂದಲಿನ ಮೇಲೆ ಉಷ್ಟ್ರಪಕ್ಷಿಯ ಗರಿಗಳನ್ನು ಸಿಕ್ಕಿಸಿದ ಹ್ಯಾಟು, ಕೈಯಲ್ಲಿ ಅದೇ ಜಾತಿಯ ಇನ್ನೊಂದು ಗರಿ. ಮುತ್ತುಗಳಿವೆ, ಕಸೂತಿಯ ಪಟ್ಟಿಯಿದೆ. ಇದು 1777ರ ಬೀದಿಯಲ್ಲಿ ಯಾರೂ ಉಟ್ಟು ನಡೆಯುತ್ತಿದ್ದ ಉಡುಪಲ್ಲ. ನೂರೈವತ್ತು ವರ್ಷ ಹಿಂದಿನ ಒಂದನೆಯ ಚಾರ್ಲ್ಸನ ಆಸ್ಥಾನ ಚಿತ್ರಕಾರ ವ್ಯಾನ್ ಡೈಕನ ಚಿತ್ರಗಳನ್ನು ನೋಡಿ ಹೊಲಿಸಿದ ವೇಷ. ಮುಖವಾಡದ ನೃತ್ಯಗಳಿಗೆ ಹೋಗುವಾಗ ಅಂದಿನ ಶ್ರೀಮಂತರು ಇಂಥ ವೇಷವನ್ನು ಧರಿಸುವುದುಂಟು. ಚಿತ್ರಕ್ಕಾಗಿ ವೇಷ ಹಾಕಿಸಿದರೆ ಮುಖದ ಹೋಲಿಕೆ ಕೆಡುತ್ತದೆಂದು ಬೇರೆ ಕಡೆ ವಾದಿಸಿದ್ದ ಗೇನ್ಸ್‌ಬರೊ, ಇಲ್ಲಿ ಮಾತ್ರ ತನ್ನ ವಾದವನ್ನು ಮರೆತು ತನ್ನ ಆರಾಧ್ಯನಾದ ವ್ಯಾನ್ ಡೈಕನೊಡನೆ ನೇರವಾಗಿ ಪಂತಕ್ಕೆ ನಿಂತಂತಿದೆ.

ಆದರೆ ಇಷ್ಟೆಲ್ಲ ಆಡಂಬರದ ಮಧ್ಯದಲ್ಲಿರುವ ಮುಖ ಆಡಂಬರದ್ದಲ್ಲ. ಆ ಮುಖ ನಮ್ಮ ಕಡೆ ತಿರುಗಿಲ್ಲ. ಕಣ್ಣುಗಳು ಚಿತ್ರದಾಚೆಯ ಯಾವುದೋ ಒಂದೆಡೆಗೆ ಹೋಗಿವೆ. ತುಟಿಗಳಲ್ಲಿ ನಗೆಯಿಲ್ಲ, ಬಿಗುವೂ ಇಲ್ಲ. ಅರಸುಮನೆಗಳಲ್ಲಿ ಬೆಳೆದು ನಿಲ್ಲುವುದನ್ನು ಚೆನ್ನಾಗಿ ಕಲಿತ, ಆದರೆ ನಿಂತು ನೋಡಿಸಿಕೊಳ್ಳುವುದರಲ್ಲಿ ಸುಖಕಾಣದ ಇಪ್ಪತ್ತರ ಹೆಣ್ಣಿನ ಮುಖವಿದು. ಮುಂದೆ ಆಗಲಿರುವುದನ್ನೆಲ್ಲ ಅರಿತವರು ಈ ಮುಖದಲ್ಲಿ ವಿಷಾದವನ್ನೂ ಅಕಾಲ ಮರಣದ ಸೂಚನೆಯನ್ನೂ ಓದುವುದುಂಟು. ಅದು ಚಿತ್ರಕ್ಕೆ ಮಾಡುವ ಅನ್ಯಾಯ. ಆ ಸಾವು ಇನ್ನೂ ಹದಿನೈದು ವರ್ಷ ದೂರದಲ್ಲಿತ್ತು, ಚಿತ್ರಕಾರನು ಜ್ಯೋತಿಷಿಯಲ್ಲ. ಆತ ಕಂಡುದು ಸಂಕೋಚವೆಂದೂ ಬರೆದುದೂ ಅದನ್ನೇ ಎಂದೂ ನನಗೆ ತೋರುತ್ತದೆ.

ಅಕಾಡೆಮಿಯೊಡನೆ ಮನಸ್ತಾಪದಿಂದ ನಾಲ್ಕು ವರ್ಷ ಪ್ರದರ್ಶನದಿಂದ ದೂರವಿದ್ದ ಗೇನ್ಸ್‌ಬರೊ 1777ರಲ್ಲಿ ಅಲ್ಲಿಗೆ ಮರಳಿದನು. ಅಂದು ಆತನು ತಂದ ಚಿತ್ರಗಳಲ್ಲಿ, ಗಾಂಬಾ ವಾದಕನೂ ಆಪ್ತಮಿತ್ರನೂ ಆದ ಕಾರ್ಲ್ ಫ್ರೆಡ್ರಿಕ್ ಆಬೆಲನ ಚಿತ್ರವೂ, ದನಗಳು ನೀರಿಗಿಳಿಯುವ ಒಂದು ದೊಡ್ಡ ಭೂದೃಶ್ಯವೂ ಇದ್ದವು. ಹೀಗೆ ಆತನಿಗೆ ಪ್ರಿಯವಾದ ಸಂಗೀತ, ಪ್ರಿಯವಾದ ಹಳ್ಳಿ, ಇವುಗಳ ನೆರೆಯಲ್ಲಿ ಶ್ರೀಮತಿ ಗ್ರಹಾಂ ನಿಂತಿದ್ದಳು.

ಪರ್ತ್‌ಷೈರಿನ ಸಂಸಾರದ ಹದಿನೇಳೂವರೆ ವರ್ಷಗಳ ಬಗ್ಗೆ ಚರಿತ್ರಕಾರನಿಗೆ ಹೆಚ್ಚು ಕೆಲಸವಿಲ್ಲ, ಏಕೆಂದರೆ ಅವರು ಸುಖವಾಗಿದ್ದರು. ಮಕ್ಕಳಾಗಲಿಲ್ಲ. ಗ್ರಹಾಂ ಜಮೀನನ್ನು ಸುಧಾರಿಸಿದನು, ಕುದುರೆಗಳನ್ನು ಸಾಕಿದನು, ಬೇಟೆಯಾಡಿದನು, 1785ರಲ್ಲಿ ಸ್ಕಾಟ್ಲೆಂಡಿನಲ್ಲಿ ದಾಖಲೆಯಾಗಿರುವ ಮೊದಲ ಕ್ರಿಕೆಟ್ ಪಂದ್ಯದಲ್ಲಿ ಆಡಿದನು. ಎಡಿನ್‌ಬರೊವಿನ ಒಂದು ನೃತ್ಯಕೂಟಕ್ಕೆ ಬಂದ ಹೆಂಡತಿ ಒಡವೆಯ ಪೆಟ್ಟಿಗೆಯನ್ನು ಬಾಲ್ಗೋವನ್ನಿನಲ್ಲಿ ಮರೆತಾಗ, ದಾರಿಯುದ್ದಕ್ಕೂ ಕುದುರೆಗಳನ್ನು ಬದಲಾಯಿಸುತ್ತ ತೊಂಬತ್ತು ಮೈಲಿಗಳ ಹೋಗಿಬರುವ ಸವಾರಿ ಮಾಡಿ ಹೊತ್ತಿಗೆ ಸರಿಯಾಗಿ ತಂದುಕೊಟ್ಟನೆಂಬ ಕಥೆಯನ್ನು ಆತನ ಚರಿತ್ರೆ ಬರೆದವರು ಬಿಡುವುದಿಲ್ಲ. ಮೇರಿಯ ಗೆಳತಿಯರಲ್ಲಿ ಆಕೆಯ ವರ್ಷವೇ ಹುಟ್ಟಿ ಆಕೆಯ ವರ್ಷವೇ ಮದುವೆಯಾದ ಡೆವನ್‌ಷೈರಿನ ಡಚೆಸ್ ಜಾರ್ಜಿಯಾನಳೂ ಒಬ್ಬಳು. ಜೂಜು, ಚುನಾವಣೆ, ಉಡುಪಿನ ಹುಚ್ಚು ಇವುಗಳಿಂದ ಲಂಡನ್ನನ್ನೆಲ್ಲ ಕುಣಿಸಿದ ಆ ಹೆಂಗಸು ಈ ಶಾಂತಸ್ವಭಾವದವಳಿಗೆ ಬರೆದ ಕಾಗದಗಳಲ್ಲಿ ತನ್ನ ಮನಸ್ಸನ್ನು ತೋಡಿಕೊಂಡಿದ್ದಾಳೆ. ಜಾರ್ಜಿಯಾನಳ ಚಿತ್ರವನ್ನೂ ಗೇನ್ಸ್‌ಬರೊ ಬರೆದನು, ಅದೂ ಕಣ್ಮರೆಯಾಯಿತು: 1876ರಲ್ಲಿ ಲಂಡನ್ನಿನ ಒಂದು ಚಿತ್ರಶಾಲೆಯಿಂದ ಆಡಂ ವರ್ತ್ ಎಂಬ ಕಳ್ಳಶಿಖಾಮಣಿ ಅದನ್ನು ರಾತ್ರೋರಾತ್ರಿ ಕೊಯ್ದುಕೊಂಡು ಹೋಗಿ, 1901ರವರೆಗೆ ಬಚ್ಚಿಟ್ಟಿದ್ದನು. ಗೆಳತಿಯರಿಬ್ಬರ ಚಿತ್ರಗಳಿಗೂ ಅಜ್ಞಾತವಾಸ ಬಂದಿತು. ಒಂದಕ್ಕೆ ಕಳ್ಳನಿಂದ, ಇನ್ನೊಂದಕ್ಕೆ ಗಂಡನಿಂದ. ಅವಧಿಯಲ್ಲಿ ಗಂಡನೇ ಕಳ್ಳನನ್ನು ಮೀರಿಸಿದನು.

1787ರ ಸೆಪ್ಟೆಂಬರಿನಲ್ಲಿ ಅಕ್ಕನ ಮನೆಯಾದ ಬ್ಲೇರ್ ಅಥೋಲಿನಲ್ಲಿ ಮೇರಿಯಿದ್ದಾಗ ಕವಿ ರಾಬರ್ಟ್ ಬರ್ನ್ಸ್ ಅಲ್ಲಿಗೆ ಅತಿಥಿಯಾಗಿ ಬಂದನು. ಅವನನ್ನು ಇನ್ನೊಂದು ದಿನ ನಿಲ್ಲಿಸಿಕೊಳ್ಳಬೇಕೆಂಬ ಆಸೆಯಿಂದ ಆ ಹೆಂಗಸರು, ಗಾಡಿಯವನಿಗೆ ಲಂಚ ಕೊಟ್ಟು ಕುದುರೆಯ ಲಾಳವೊಂದನ್ನು ಕಳಚಿಸಲು ಆಳನ್ನು ಕಳುಹಿಸಿದರೆಂದೂ, ಗಾಡಿಯವನು ಒಪ್ಪಲಿಲ್ಲವೆಂದೂ ಹೇಳಿಕೆಯಿದೆ. ಬರ್ನ್ಸನ ಜೊತೆಯಲ್ಲಿದ್ದ ಉಪಾಧ್ಯಾಯ ಮಿತ್ರನಿಗೆ ಹೊರಡುವ ಆತುರ, ಕವಿ ಹೊರಟುಹೋದನು.

ಕ್ಷಯದ ಲಕ್ಷಣಗಳು ಮೇರಿಯಲ್ಲಿ ಬಹಳ ಹಿಂದೆಯೇ ತೋರಿದ್ದವು. ಆ ಕಾಲದ ವೈದ್ಯರಿಗೆ ಗೊತ್ತಿದ್ದುದು ಒಂದೇ ಮದ್ದು: ಬೆಚ್ಚನೆಯ ದೇಶದ ಗಾಳಿ. ಹೆಂಡತಿಯನ್ನು ಕರೆದುಕೊಂಡು ಗ್ರಹಾಂ ಹಿಂದೆ ಸ್ಪೇನ್ ಪೋರ್ಚುಗಲ್ಲುಗಳನ್ನು ಸುತ್ತಿ ಬಂದಿದ್ದನು; ಕೊನೆಗೆ ಫ್ರಾನ್ಸಿನ ದಕ್ಷಿಣ ಕರಾವಳಿಗೆ ಕರೆದೊಯ್ದನು. 1792ನೆಯ ಜೂನ್ 26ರಂದು, ಇಯೇರ್ ಎಂಬ ಊರಿನ ಎದುರಿನ ಕಡಲಿನಲ್ಲಿ, ಹಡಗಿನ ಮೇಲೆಯೇ ಆಕೆ ಪ್ರಾಣಬಿಟ್ಟಳು. ವಯಸ್ಸು ಮೂವತ್ತೈದು.

ಸ್ಕಾಟ್ಲೆಂಡಿನ ಮಣ್ಣಿಗೇ ಅವಳನ್ನು ಸೇರಿಸಬೇಕೆಂದು ನಿಶ್ಚಯಿಸಿದ ಗ್ರಹಾಂ ಶವಪೆಟ್ಟಿಗೆಯನ್ನು ದೋಣಿಗೇರಿಸಿ, ಮೆಡಿಟರೇನಿಯನ್ ಸಮುದ್ರದಿಂದ ತೂಲೂಸ್ ನಗರಕ್ಕೆ ಹೋಗುವ ದೊಡ್ಡ ಕಾಲುವೆಯ ದಾರಿಯಾಗಿ, ಅಲ್ಲಿಂದ ಗರೋನ್ ನದಿಯಲ್ಲಿ ಬೋರ್ದೋ ಬಂದರಿಗೆ ಇಳಿದು, ಹಡಗು ಹಿಡಿಯಬೇಕೆಂದು ಹೊರಟನು. ಅದು ಎಂಥ ಬೇಸಿಗೆಯೆಂಬುದನ್ನು ಇಲ್ಲಿ ನೆನೆಯಬೇಕು. ಫ್ರಾನ್ಸ್ ಏಪ್ರಿಲ್‌ನಲ್ಲಿ ಆಸ್ಟ್ರಿಯದ ಮೇಲೆ ಯುದ್ಧ ಸಾರಿತ್ತು. ಯುದ್ಧರಂಗದಿಂದ ಬರುತ್ತಿದ್ದುದು ಸೋಲಿನ ಸುದ್ದಿ. ಓಡಿಹೋದ ಶ್ರೀಮಂತರು ಹೊರಗಿನಿಂದ ಸೇನೆ ತರುತ್ತಿದ್ದಾರೆ, ಉಳಿದವರು ಒಳಗೆ ಆಯುಧ ಕೂಡಿಡುತ್ತಿದ್ದಾರೆ ಎಂಬ ಗುಮಾನಿ ಊರೂರಿನಲ್ಲಿ ಹಬ್ಬಿತ್ತು. ಅರಸೊತ್ತಿಗೆ ಉರುಳಿಬೀಳಲು ಕೆಲವೇ ವಾರ ಉಳಿದಿತ್ತು. ಅಂಥ ಹೊತ್ತಿನಲ್ಲಿ ಪರದೇಶದ ದೊಡ್ಡಮನುಷ್ಯನೊಬ್ಬನು ಬೀಗಮುದ್ರೆಯ ಉದ್ದನೆಯ ಪೆಟ್ಟಿಗೆಯೊಂದನ್ನು ಹೇರಿಕೊಂಡು ಬಂದರೆ ಸಂಶಯ ಬಾರದೆ ಹೋದೀತೆ? ತೂಲೂಸಿನ ಬಳಿ, ಕುಡಿದ ಕಾವಲು ಪಡೆಯವರೂ ಪುಂಡರೂ ಕೂಡಿದ ಗುಂಪೊಂದು ದೋಣಿಗೆ ನುಗ್ಗಿ, ಗ್ರಹಾಮನು ಎಷ್ಟು ಬೇಡಿದರೂ ಕೇಳದೆ, ಪೆಟ್ಟಿಗೆಯನ್ನು ಒಡೆದು ತೆರೆದು ನೋಡಿತು. ಒಳಗಿದ್ದುದು ಆಯುಧವಲ್ಲ, ಚಿನ್ನವಲ್ಲ. ಗೇನ್ಸ್‌ಬರೊ ಬರೆದ ಆ ಮುಖವನ್ನು ಕೊನೆಯ ಬಾರಿಗೆ ನೋಡಿದವರು ಅವರೇ ಆದರು. ಹಾಗೂ ಹೀಗೂ ಪೆಟ್ಟಿಗೆಯನ್ನು ಮತ್ತೆ ಮುಚ್ಚಿಸಿ ಪ್ರಯಾಣ ಮುಂದುವರಿಸಿ, ಪರ್ತ್‌ಷೈರಿನ ಮೆತ್ವೆನ್ ಎಂಬ ಹಳ್ಳಿಯ ಇಗರ್ಜಿಯ ಅಂಗಳದಲ್ಲಿ ಗ್ರಹಾಂ ಹೆಂಡತಿಯನ್ನು ಹೂಳಿ, ಮೇಲೆ ಸಮಾಧಿಮಂದಿರವನ್ನು ಕಟ್ಟಿಸಿದನು.

ಚಿತ್ರವನ್ನು ಆತ ತೆಗೆಸಿಬಿಟ್ಟುದು ಆಗ. ಅದನ್ನೆಲ್ಲಿರಿಸಿದನೆಂಬ ವಿಷಯದಲ್ಲಿ ಕಥೆಗಳು ಒಂದೇ ತೆರನಾಗಿಲ್ಲ: ಮನೆಯ ಗೋಡೆಯಲ್ಲಿಯೇ ಅದನ್ನಿಟ್ಟು ಮುಂದೆ ಇಟ್ಟಿಗೆ ಕಟ್ಟಿಸಿದನೆನ್ನುವವರುಂಟು, ಪೆಟ್ಟಿಗೆಯೊಳಗೆ ಮುಚ್ಚಿ ಲಂಡನ್ನಿನ ಉಗ್ರಾಣವೊಂದಕ್ಕೆ ಕಳುಹಿಸಿದನೆನ್ನುವವರುಂಟು. ಗೋಡೆಯ ಕಥೆ ನಾಟಕಕ್ಕೆ ಚೆನ್ನ. ನನಗೇನೋ ಉಗ್ರಾಣದ ಕಥೆಯೇ ಆತನ ಸ್ವಭಾವಕ್ಕೆ ಒಪ್ಪುವುದೆನ್ನಿಸುತ್ತದೆ. ದುಃಖವನ್ನು ಸ್ಮಾರಕವಾಗಿ ಮಾಡಿಕೊಂಡು ಅದರೆದುರಿಗೆ ಕುಳಿತಿರುವ ಜಾತಿಯವನಲ್ಲ ಆತ, ಕಟ್ಟಿ ದೂರ ಸಾಗಿಸಿ ತಾನೂ ದೂರ ಹೊರಟುಹೋಗುವವನು.

ಹೊರಟುಹೋದುದೂ ನಿಜವೇ. ಅದುವರೆಗೆ ಗ್ರಹಾಂ, ಚಾರ್ಲ್ಸ್ ಜೇಮ್ಸ್ ಫಾಕ್ಸನ ಅಭಿಮಾನಿಯಾದ ವ್ಹಿಗ್ ಪಕ್ಷದವನು. ಫ್ರಾನ್ಸಿನ ಕ್ರಾಂತಿಯನ್ನು ಸಹಾನುಭೂತಿಯಿಂದಲೇ ನೋಡುತ್ತಿದ್ದವನು. ತೂಲೂಸಿನ ಆ ಘಳಿಗೆ ಅವನನ್ನು ಫ್ರೆಂಚರ ಆಜನ್ಮವೈರಿಯನ್ನಾಗಿ ಮಾಡಿತೆಂದು ಎಲ್ಲ ಚರಿತ್ರೆಗಳೂ ಒಕ್ಕೊರಲಿನಿಂದ ಹೇಳುತ್ತವೆ. ಈ ಕಾರ್ಯಕಾರಣ ಕೊಂಚ ಹೆಚ್ಚು ಅಚ್ಚುಕಟ್ಟಾಗಿದೆಯೆಂದು ನನಗೆ ಸಂದೇಹ. ನಲವತ್ತನಾಲ್ಕು ವರ್ಷದ, ಮಕ್ಕಳಿಲ್ಲದ, ಮನೆಯಲ್ಲಿ ಕಾಲು ನಿಲ್ಲದ ವಿಧುರನಿಗೆ, ಮನೆಯಿಂದ ದೂರವಿರಿಸುವ ಯಾವ ಕೆಲಸವಾದರೂ ಸಾಕಾಗಿತ್ತು. ಯುದ್ಧ ತಾನಾಗಿಯೇ ಸಿಕ್ಕಿತು, ಶತ್ರುವೂ ಆತನಿಗೆ ಒಪ್ಪುವ ಶತ್ರುವೇ ಆಗಿದ್ದನು. 1793ರಲ್ಲಿ ಲಾರ್ಡ್ ಹುಡ್ಡನ ನೌಕಾಪಡೆಯೊಡನೆ ತೂಲಾನಿಗೆ ಹೋಗಿ, ಮುತ್ತಿಗೆಗೊಳಗಾದ ಆ ಬಂದರಿನಲ್ಲಿ ಲಾರ್ಡ್ ಮಲ್ಗ್ರೇವನ ಕೈಕೆಳಗೆ ಸಂಬಳವಿಲ್ಲದ ಸ್ವಯಂಸೇವಕನಾಗಿ ನಿಂತನು. ಎದುರು ಪಾಳೆಯದಲ್ಲಿ ಫಿರಂಗಿಗಳನ್ನು ಹೂಡಿಸುತ್ತಿದ್ದವನು ಇಪ್ಪತ್ತನಾಲ್ಕು ವರ್ಷದ ನೆಪೋಲಿಯನ್ ಬೋನಪಾರ್ಟೆ. ಅಲ್ಲಿಂದ ಮರಳಿ ಬಂದು ತನ್ನ ಪ್ರಾಂತದಲ್ಲಿ ಜನ ಕೂಡಿಸಿ, 90ನೆಯ ಪದಾತಿದಳವಾದ ಪರ್ತ್‌ಷೈರ್ ವಾಲಂಟಿಯರ್ಸ್ ಪಡೆಯನ್ನು 1794ರಲ್ಲಿ ಕಟ್ಟಿದನು.

ಮುಂದಿನ ಇಪ್ಪತ್ತು ವರ್ಷಗಳ ಆತನ ಚರಿತ್ರೆ ಯೂರೋಪಿನ ಯುದ್ಧಗಳ ಚರಿತ್ರೆ. ಅದನ್ನು ಇಲ್ಲಿ ಮೊಗೆದು ಪೂರೈಸುವಂತಿಲ್ಲ. ಒಂದು ರಾತ್ರಿಯನ್ನು ಮಾತ್ರ ಹೇಳುವೆನು. 1796ರ ಡಿಸೆಂಬರಿನಲ್ಲಿ ಇಟಲಿಯ ಮಾಂಟುವಾ ಕೋಟೆಯೊಳಗೆ ಆಸ್ಟ್ರಿಯದ ಸೈನ್ಯ ಫ್ರೆಂಚರ ಮುತ್ತಿಗೆಯಲ್ಲಿ ಸಿಕ್ಕಿ ಹಸಿವಿನಿಂದ ಕಂಗೆಟ್ಟಿತ್ತು, ಬ್ರಿಟಿಷ್ ಪ್ರತಿನಿಧಿಯಾಗಿ ಗ್ರಹಾಮನೂ ಒಳಗಿದ್ದನು. ಹೊರಗಿನ ಸೇನಾನಿ ಆಲ್ವಿಂಟ್ಸಿಗೆ ಕೋಟೆಯ ಸ್ಥಿತಿಯನ್ನು ಮುಟ್ಟಿಸಬೇಕು, ಹೋಗುವವರು ಯಾರು? ಕ್ರಿಸ್ಮಸ್ಸಿನ ಹಿಂದಿನ ರಾತ್ರಿ, ಮಳೆಯೂ ಹಿಮವೂ ಕೂಡಿ ಬೀಳುತ್ತಿದ್ದ ಕತ್ತಲೆಯಲ್ಲಿ, ನಲವತ್ತೆಂಟು ವರ್ಷದ ಆ ಸ್ಕಾಟಿಷ್ ಜಮೀನುದಾರ ಕೋಟೆಯಿಂದ ಹೊರಬಿದ್ದು, ಫ್ರೆಂಚ್ ಪಹರೆಗಳ ಕಣ್ತಪ್ಪಿಸಿ, ಹಗಲು ಅವಿತು ಇರುಳು ನಡೆದು ಸುದ್ದಿಯನ್ನು ತಲಪಿಸಿದನು. ಪ್ರಾಣದ ಆಸೆಯಿದ್ದವರು ಕೈಕೊಳ್ಳುವ ಕೆಲಸವಲ್ಲ. ಇಷ್ಟೆಲ್ಲ ಮಾಡಿದರೂ, ಅಡ್ಡದಾರಿಯಿಂದ ಸೈನ್ಯಕ್ಕೆ ಬಂದವನೆಂದು ಲಂಡನ್ನಿನ ಸೇನಾಧಿಕಾರಿಗಳು ಆತನ ಪದವಿಯನ್ನು ಖಾಯಂ ಮಾಡಲಿಲ್ಲ. 1809ರಲ್ಲಿ ಸ್ಪೇನಿನ ಕರುನ್ನಾದ ರಣಾಂಗಣದಲ್ಲಿ ಸಾಯುತ್ತಿದ್ದ ಬ್ರಿಟಿಷ್ ಸೇನಾಪತಿ ಸರ್ ಜಾನ್ ಮೂರನು ಆಡಿದ ಕೊನೆಯ ಕೋರಿಕೆಯಿಂದಾಗಿ ಆ ಅನ್ಯಾಯ ನೀಗಿತು. 1811ನೆಯ ಮಾರ್ಚ್ 5ರಂದು ಕಾದಿಸಿನ ಸಮೀಪದ ಬರೋಸಾದಲ್ಲಿ, ಜೊತೆಗಿದ್ದ ಸ್ಪ್ಯಾನಿಷ್ ದಂಡನಾಯಕ ನೆರವಿಗೆ ಬಾರದೆ ದೂರ ನಿಂತಿರಲು, ಅರುವತ್ತೆರಡರ ಗ್ರಹಾಂ ಸುಮಾರು 5,000 ಮಂದಿಯೊಡನೆ ದಿಣ್ಣೆಯನ್ನೇರಿ, ಸಂಖ್ಯೆಯಲ್ಲಿ ತನಗಿಂತ ಹೆಚ್ಚಾಗಿದ್ದ ಮಾರ್ಷಲ್ ವಿಕ್ಟರನ ಪಡೆಯನ್ನು ಸೋಲಿಸಿದನು. ನೆಪೋಲಿಯನ್ನನ ಸೇನೆಯ ಗರುಡಧ್ವಜವೊಂದು ರಣದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿದುದು ಅಂದೇ ಮೊದಲು. ವಿಟೋರಿಯಾ, ಸಾನ್ ಸೆಬಾಸ್ಟಿಯನ್ ಇಲ್ಲಿಯ ಯುದ್ಧಗಳು ಆಮೇಲಿನವು. 1814ರಲ್ಲಿ ಲಾರ್ಡ್ ಲೈನ್‌ಡಾಕ್ ಎಂಬ ಬಿರುದು ಬಂದಿತು. ಅದರೊಡನೆ ಬರಲಿದ್ದ ವರ್ಷಕ್ಕೆ 2,000 ಪೌಂಡುಗಳ ವರ್ಷಾಶನವನ್ನು ಆತ ಬೇಡವೆಂದನು.

ಮತ್ತೆ ಮದುವೆಯಾಗಲಿಲ್ಲ. ಮುಪ್ಪಿನಲ್ಲಿ ಕಣ್ಣಿಗೆ ಪೊರೆ ಬಂದಿತು, ಚಿಕಿತ್ಸೆ ಮಾಡಿಸಿಕೊಂಡನು. ತೊಂಬತ್ತು ದಾಟಿಯೂ ಕುದುರೆ ಏರುವುದನ್ನೂ ಪ್ರವಾಸ ಹೋಗುವುದನ್ನೂ ಬಿಡಲಿಲ್ಲ. 1843ನೆಯ ಡಿಸೆಂಬರ್ 18ರಂದು ಲಂಡನ್ನಿನ ಸ್ಟ್ರಾಟನ್ ಬೀದಿಯ ಮನೆಯಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡವನನ್ನು ಮೆತ್ವೆನ್ನಿಗೆ ಒಯ್ದು ಮೇರಿಯ ಪಕ್ಕದಲ್ಲಿ ಹೂಳಿದರು. ಆ ಬಳಿಕವೇ ಚಿತ್ರ ಹೊರಬಂದುದು. ಆಸ್ತಿಗೆ ಉತ್ತರಾಧಿಕಾರಿಯಾದ ದಾಯಾದಿ ರಾಬರ್ಟ್ ಗ್ರಹಾಂ ಅದನ್ನು ನೋಡಿದಾಗ, ಒಳಗಿದ್ದವಳು ಇನ್ನೂ ಇಪ್ಪತ್ತರ ಹೆಣ್ಣಾಗಿಯೇ ನಿಂತಿದ್ದಳು. ಅವಳ ಕಾಲದ ಉಡುಪು, ಅರಸರು, ರಾಜ್ಯದ ಎಲ್ಲೆಗಳು ಇವೆಲ್ಲ ಅಷ್ಟರೊಳಗೆ ಎರಡು ಮೂರು ಬಾರಿ ಮಗುಚಿದ್ದವು. ಪೆಟ್ಟಿಗೆಗೆ ಹೋಗುವಾಗ ಅದು ಒಬ್ಬನ ಸಂಕಟವಾಗಿದ್ದಿತು, ಹೊರಗೆ ಬರುವಾಗ ಆ ಸಂಕಟಪಡುವವನೇ ಇಲ್ಲದೆ ಕೇವಲ ಕಲಾಕೃತಿಯಾಗಿತ್ತು.

ರಾಬರ್ಟ್ ಗ್ರಹಾಂ ತನ್ನ ಉಯಿಲಿನ ಮೂಲಕ ಚಿತ್ರವನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಚಿತ್ರಶಾಲೆಗೆ ಬಿಟ್ಟುಕೊಟ್ಟನು. ಎಡಿನ್‌ಬರೊವಿನ ಮೌಂಡ್ ಎಂಬ ದಿಬ್ಬದ ಮೇಲೆ ಆ ಚಿತ್ರಶಾಲೆ ಬಾಗಿಲು ತೆರೆದ 1859ನೆಯ ವರ್ಷದಲ್ಲಿಯೇ ಅದು ಅಲ್ಲಿಗೆ ಬಂದಿತು. ದಾನಕ್ಕೆ ಒಂದು ಷರತ್ತಿತ್ತು: ಚಿತ್ರ ಯಾವ ಕಾರಣಕ್ಕೂ ಸ್ಕಾಟ್ಲೆಂಡಿನಿಂದ ಹೊರಗೆ ಹೋಗಕೂಡದು. ಫ್ರಾನ್ಸಿನ ಕಾಲುವೆಯಲ್ಲಿ ನಡೆದುದು ದಾನಿಯ ಮನಸ್ಸಿನಲ್ಲಿತ್ತೋ, ಕೇವಲ ಸ್ವದೇಶಾಭಿಮಾನವೋ. ಅಂತೂ ಲಂಡನ್, ಪ್ಯಾರಿಸ್, ನ್ಯೂಯಾರ್ಕುಗಳಲ್ಲಿ ಗೇನ್ಸ್‌ಬರೊವಿನ ಚಿತ್ರಗಳ ದೊಡ್ಡ ಮೇಳಗಳು ನೆರೆದಾಗ, ಆತನ ಅತ್ಯುತ್ತಮ ಕೃತಿಗಳಲ್ಲೊಂದಾದ ಇದು ಅಲ್ಲಿಗೆ ಬರುವುದಿಲ್ಲ.

ಗೇನ್ಸ್‌ಬರೊ ಮೇರಿಯನ್ನು ಬರೆದುದು ಇದೊಂದೇ ಸಲವಲ್ಲ. ಎದೆಮಟ್ಟದ ಒಂದು ಚಿತ್ರ ವಾಷಿಂಗ್‌ಟನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ಇನ್ನೊಂದು, 1780ರ ದಶಕದಲ್ಲಿ ಆರಂಭಿಸಿ ಮುಗಿಸದೆ ಬಿಟ್ಟುದು, ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ: ಹಳ್ಳಿಯ ಗುಡಿಸಲಿನ ಬಾಗಿಲಲ್ಲಿ ಬಿಳಿಯ ಟೋಪಿಯ ಕೆಲಸದ ಹೆಣ್ಣೊಬ್ಬಳು ಪೊರಕೆ ಹಿಡಿದು ನಿಂತಿದ್ದಾಳೆ, ಆ ಹೆಣ್ಣಿನ ಮುಖ ಶ್ರೀಮತಿ ಗ್ರಹಾಮಳದೆಂದು ಬಹುಕಾಲದ ನಂಬಿಕೆ. ತನಗೆ ಬೇಡವಾಗಿದ್ದ ಶ್ರೀಮಂತರ ಮುಖವನ್ನು ತನಗೆ ಬೇಕಾಗಿದ್ದ ಹಳ್ಳಿಗೆ ಕರೆದೊಯ್ಯುವ ಆಟವನ್ನು ಗೇನ್ಸ್‌ಬರೊ ಅಲ್ಲಿ ಆಡಿ ನೋಡಿದ್ದಾನೆ. ಆಕೆಯ ಸಂಕೋಚದ ನಿಲುವು ಸ್ಯಾಟಿನ್ನಿಗಿಂತ ಆ ಒರಟು ಬಟ್ಟೆಗೇ ಹೆಚ್ಚು ಒಗ್ಗಿದೆಯೆಂದು ಹೇಳಿದರೆ ಎಡಿನ್‌ಬರೊವಿನವರು ನನ್ನ ಮೇಲೆ ಮುನಿಸಿಕೊಂಡಾರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ಯಾರಿಗಾದರೂ ಮನಸ್ಸಾದರೆ, ರಾಬರ್ಟ್ ಗ್ರಹಾಮನ ಉಯಿಲಿನ ಪ್ರಕಾರ, ಪ್ರಯಾಣದ ಶ್ರಮವನ್ನು ಕೆಲಸದವಳೇ ವಹಿಸಬೇಕು.